ಟ್ರಿಯೆಸ್ಟೆಯ ಕಡಲತೀರದ ವಿದ್ಯಾಮನೆ

ಇಟಲಿ ಎಂದೊಡನೆ ನಿಮಗೆ ರೋಮ್ ನೆನಪಾದೀತು, ನೀರಿನ ಮೇಲೆ ನಿಂತ ವೆನಿಸ್ ನೆನಪಾದೀತು. ಅದೇ ವೆನಿಸ್‌ನಲ್ಲಿ ರೈಲು ಹತ್ತಿ ಪೂರ್ವಕ್ಕೆ ಸುಮಾರು ಎರಡು ಗಂಟೆ ಪ್ರಯಾಣಿಸಿದರೆ, ಇಟಲಿ ದೇಶ ಮುಗಿಯುವ ಜಾಗದಲ್ಲಿ ಇನ್ನೊಂದು ನಗರ ಸಿಗುತ್ತದೆ. ಹೆಸರು ಟ್ರಿಯೆಸ್ಟೆ. ಒಂದು ಕಡೆ ಆಡ್ರಿಯಾಟಿಕ್ ಸಮುದ್ರ, ಇನ್ನೊಂದು ಕಡೆ ಸುಣ್ಣಕಲ್ಲಿನ ಬೆಟ್ಟ. ಬೆಟ್ಟದ ಆಚೆಗೆ ಸ್ಲೊವೇನಿಯಾ. ರೈಲು ಊರಿಗೆ ಹತ್ತಿರವಾಗುತ್ತಿದ್ದಂತೆ ಹಳಿಯ ಕೆಳಗೆ ನೀಲಿ ಕಡಲು ಹಾಸಿಕೊಳ್ಳುತ್ತದೆ. ಉಡುಪಿ, ಭಟ್ಕಳದ ಕಡೆಯವರಿಗಂತೂ ಈ ನೋಟ ಪರಕೀಯ ಎನಿಸದು.

ಪ್ರಿಯ ಸಹೋದರಿಯರೇ, ಈ ಊರಿಗೆ ನಿಮ್ಮನ್ನು ಕರೆದೊಯ್ಯಲು ಒಂದು ಕಾರಣವಿದೆ. ಸೃಷ್ಟಿಯ ನಿಯಮಗಳೆಲ್ಲ ಒಂದೇ ಮೂಲದಿಂದ ಹೊರಟಿವೆಯೇ ಎಂದು ಲೆಕ್ಕ ಹಾಕುವ ಜನರು ಅರವತ್ತು ವರ್ಷಗಳಿಂದ ಇಲ್ಲಿ ಬಂದು ಕೂರುತ್ತಿದ್ದಾರೆ. ಅವರಿಗಾಗಿ ಇಲ್ಲಿ ಒಂದು ಮನೆ ಕಟ್ಟಿದವರು ಅಂದಿನ ಅವಿಭಜಿತ ಪಂಜಾಬಿನ ಝಂಗ್ ಎಂಬ ಸಣ್ಣ ಊರಿನ ಹುಡುಗ. ಲೆಕ್ಕವೆಂದರೆ ನಮಗೆ ತಲೆನೋವು ಎಂದು ಪುಟ ತಿರುಗಿಸಬೇಡಿ. ಅಡುಗೆಮನೆ, ಮೆಹೆಂದಿ, ಕೇರಂ ಬೋರ್ಡು ಗೊತ್ತಿದ್ದರೆ ಸಾಕು, ಉಳಿದದ್ದು ತಾನಾಗಿ ತಿಳಿಯುತ್ತದೆ.

ಗಡಿಯ ಊರು

ಟ್ರಿಯೆಸ್ಟೆ ಅನೇಕ ಒಡೆಯರನ್ನು ಕಂಡ ಊರು. 1382ರಿಂದ 1918ರವರೆಗೆ ಅದು ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ಮನೆತನಕ್ಕೆ ಸೇರಿತ್ತು. 1719ರಲ್ಲಿ ಚಕ್ರವರ್ತಿ ಆರನೇ ಚಾರ್ಲ್ಸ್ ಇದನ್ನು ಸುಂಕವಿಲ್ಲದ ಬಂದರು ಎಂದು ಘೋಷಿಸಿದ. ಅಲ್ಲಿಂದ ಗ್ರೀಕರು, ಸರ್ಬಿಯನ್ನರು, ಯಹೂದಿಗಳು, ಜರ್ಮನರು ವ್ಯಾಪಾರಕ್ಕೆಂದು ಬಂದು ನೆಲೆಸಿದರು. ಸರ್ಬಿಯನ್ನರ ಗುಮ್ಮಟದ ಚರ್ಚು, ಗ್ರೀಕರ ಚರ್ಚು, 1912ರಲ್ಲಿ ತೆರೆದ ಯಹೂದಿಗಳ ದೊಡ್ಡ ಆರಾಧನಾಲಯ ಎಲ್ಲವನ್ನೂ ನೀವು ಒಂದೇ ಮಧ್ಯಾಹ್ನ ನಡೆದೇ ನೋಡಿ ಬರಬಹುದು. ಎರಡನೇ ಮಹಾಯುದ್ಧದ ನಂತರ ಈ ಊರು ಯಾರದೆಂಬ ಜಗಳ ಎದ್ದಿತು. 1947ರಿಂದ 1954ರವರೆಗೆ ಇದು ಇಟಲಿಗೂ ಯುಗೊಸ್ಲಾವಿಯಾಕ್ಕೂ ಸೇರದ ಸ್ವತಂತ್ರ ಪ್ರದೇಶವಾಗಿತ್ತು. ಕೊನೆಗೆ ನಗರ ಇಟಲಿಯ ಪಾಲಾಯಿತು.

ಊರಿನ ನಡುವೆ ದೊಡ್ಡ ಚೌಕವಿದೆ. ಮೂರು ಕಡೆ ಹಳೆಯ ಕಟ್ಟಡಗಳು, ನಾಲ್ಕನೆಯ ಕಡೆ ತೆರೆದ ಕಡಲು. ಚಳಿಗಾಲದಲ್ಲಿ ಬಂದರೆ ಬೋರಾ ಎಂಬ ಗಾಳಿಯ ಬಗ್ಗೆ ಎಚ್ಚರವಿರಲಿ. ಬೆಟ್ಟದಿಂದ ಕಡಲಿಗೆ ಧಾವಿಸುವ ಆ ಗಾಳಿಯ ವೇಗ ಕೆಲವೊಮ್ಮೆ ಗಂಟೆಗೆ 100 ಕಿಲೋಮೀಟರ್ ದಾಟುತ್ತದೆ. ಹಿಂದೆ ಜನ ಹಿಡಿದುಕೊಂಡು ನಡೆಯಲೆಂದು ಬೀದಿ ಬದಿಗಳಲ್ಲಿ ಹಗ್ಗ ಕಟ್ಟುತ್ತಿದ್ದರು. ಊಟದ ಚಿಂತೆ ಬೇಡ, ಕಡಲೂರಾದ್ದರಿಂದ ಮೀನು ಧಾರಾಳ. ಕಾಫಿಯೂ ಹಾಗೆಯೇ. ಇಟಲಿಯ ಕಾಫಿ ವ್ಯಾಪಾರದ ದೊಡ್ಡ ಬಂದರುಗಳಲ್ಲಿ ಇದೂ ಒಂದು, ಭಾರತದ ಕಾಫಿಗೆ ಇಟಲಿ ಬಹುಕಾಲದ ದೊಡ್ಡ ಗಿರಾಕಿ. ಬಾಬಾ ಬುಡನ್‌ರವರು ಯಮನ್‌ನಿಂದ ತಂದರೆಂದು ನಾವು ಹೇಳುವ ಬೀಜದ ಸಂತತಿ ಇಲ್ಲಿನ ಲೋಟದಲ್ಲೂ ಇದ್ದೀತು.

ಒಬೆರ್ದಾನ್ ಚೌಕದ ಬಾಡಿಗೆ ಕೋಣೆ

ರೈಲು ನಿಲ್ದಾಣದಿಂದ ಸ್ವಲ್ಪ ದೂರ ನಡೆದರೆ ಒಬೆರ್ದಾನ್ ಚೌಕ ಬರುತ್ತದೆ. 1902ರಲ್ಲಿ ಆರಂಭವಾದ, ಬೆಟ್ಟ ಹತ್ತುವ ಟ್ರಾಮಿನ ಮೊದಲ ನಿಲ್ದಾಣ ಇಲ್ಲಿದೆ. ನೋಡಲು ಅಂಥ ವಿಶೇಷವೇನೂ ಇಲ್ಲ. ಆದರೆ 1964ರಲ್ಲಿ ಅಂತಾರಾಷ್ಟ್ರೀಯ ಸೈದ್ಧಾಂತಿಕ ಭೌತವಿಜ್ಞಾನ ಕೇಂದ್ರ ಇದೇ ಚೌಕದ ಒಂದು ಕಟ್ಟಡದಲ್ಲಿ ಬಾಡಿಗೆಗೆ ಶುರುವಾಯಿತು. ಅದರ ಸ್ಥಾಪಕ ನಿರ್ದೇಶಕರು ಅಬ್ದುಸ್ಸಲಾಮ್.

ಅವರು 1926ರಲ್ಲಿ ಹುಟ್ಟಿದವರು. ಲಾಹೋರಿನಲ್ಲಿ ಓದಿ, ವಿದ್ಯಾರ್ಥಿವೇತನ ಪಡೆದು ಕೇಂಬ್ರಿಡ್ಜ್ ಸೇರಿ, ಚಿಕ್ಕ ವಯಸ್ಸಿನಲ್ಲೇ ಹೆಸರು ಮಾಡಿದರು. 1951ರಲ್ಲಿ ಊರಿಗೆ ಸೇವೆ ಸಲ್ಲಿಸಬೇಕೆಂದು ಲಾಹೋರಿಗೆ ಮರಳಿದರು. ಅಲ್ಲಿ ಅವರ ವಿಷಯ ಮಾತಾಡಲು ಒಬ್ಬರೂ ಇರಲಿಲ್ಲ, ಹೊಸ ಪತ್ರಿಕೆಗಳು ಬರುತ್ತಿರಲಿಲ್ಲ. ಬಿಡುವಿನ ಸಮಯದಲ್ಲಿ ಕಾಲೇಜಿನ ಫುಟ್‌ಬಾಲ್ ತಂಡ ನೋಡಿಕೊಳ್ಳಿ ಎಂದು ಅವರಿಗೆ ಕೆಲಸ ಹಚ್ಚಲಾಯಿತು. ಮೂರು ವರ್ಷ ಸಹಿಸಿ, 1954ರಲ್ಲಿ ಅವರು ಮತ್ತೆ ಕೇಂಬ್ರಿಡ್ಜ್‌ಗೆ ಹೋದರು. ದೇಶ ಬೇಕೋ ವಿದ್ಯೆ ಬೇಕೋ ಎಂಬ ಈ ಆಯ್ಕೆ ಅವರನ್ನು ಕೊನೆಯವರೆಗೂ ನೋಯಿಸಿತು. ತನ್ನ ನಂತರದವರಿಗೆ ಈ ಸಂಕಟ ಬರಬಾರದೆಂದು 1960ರಲ್ಲಿ ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಮುಂದೆ ಒಂದು ಪ್ರಸ್ತಾವ ಇಟ್ಟರು: ಬಡ ದೇಶಗಳ ವಿಜ್ಞಾನಿಗಳು ತಮ್ಮ ಕೆಲಸ ಬಿಡದೆ, ಆಗಾಗ ಬಂದು ಕೆಲವು ವಾರ ಕುಳಿತು ಕಲಿತು ಊರಿಗೆ ಮರಳುವಂತಹ ಒಂದು ಮನೆ ಬೇಕು. ಶ್ರೀಮಂತ ದೇಶಗಳು ಮೂಗು ಮುರಿದವು. ಟ್ರಿಯೆಸ್ಟೆಯ ಭೌತವಿಜ್ಞಾನಿ ಪಾವೊಲೊ ಬುದಿನಿಚ್ ಮಾತ್ರ ಬೆನ್ನು ಹತ್ತಿ, ಇಟಲಿ ಸರಕಾರದಿಂದ ಹಣ, ಜಾಗ ಎರಡನ್ನೂ ದೊರಕಿಸಿದರು. ಪೂರ್ವ ಯುರೋಪು ಪಶ್ಚಿಮ ಯುರೋಪುಗಳ ನಡುವೆ ಉಕ್ಕಿನ ಪರದೆ ಎಳೆದಿದ್ದ ಕಾಲವದು. ಪರದೆಯ ಅಂಚಿನಲ್ಲೇ ಇದ್ದ ಈ ಊರಿಗೆ ಎರಡೂ ಕಡೆಯವರು ಬರಬಹುದಾಗಿತ್ತು.

ಮೆಹೆಂದಿಯ ಹೂವು, ಕೊಲ್ಲಿಯ ಹಣ

ಈ ಮನೆಯಲ್ಲಿ ಅವರು ಏನು ಹುಡುಕುತ್ತಿದ್ದರು? ನಿಮ್ಮ ಮಕ್ಕಳ ಗಣಿತ ಪುಸ್ತಕದಲ್ಲಿ ಸಮಮಿತಿ ಎಂಬ ಪಾಠವಿದೆ. ಅಂಗೈಯಲ್ಲಿ ಬಿಡಿಸಿದ ಎಂಟೆಸಳಿನ ಮೆಹೆಂದಿ ಹೂವನ್ನು ಎಂಟನೇ ಒಂದು ಸುತ್ತು ತಿರುಗಿಸಿದರೆ ಅದು ಮೊದಲಿನಂತೆಯೇ ಕಾಣುತ್ತದೆ. ಬದಲಾಯಿಸಿದರೂ ಬದಲಾಗದೆ ಉಳಿಯುವ ಈ ಗುಣವೇ ಸಮಮಿತಿ.

ಸೃಷ್ಟಿಯ ನಿಯಮಗಳಲ್ಲೂ ಈ ಗುಣವಿದೆ. ಒಂದೇ ಪ್ರಯೋಗವನ್ನು ಮಂಗಳೂರಿನಲ್ಲಿ ಮಾಡಿ, ಮಕ್ಕಾದಲ್ಲಿ ಮಾಡಿ, ಇಂದು ಮಾಡಿ, ಮುಂದಿನ ರಮಝಾನಿನಲ್ಲಿ ಮಾಡಿ, ಮೇಜನ್ನು ಯಾವ ದಿಕ್ಕಿಗೆ ಬೇಕಾದರೂ ತಿರುಗಿಸಿ, ನಿಯಮ ಬದಲಾಗುವುದಿಲ್ಲ. ಒಂದೇ ವೇಗದಲ್ಲಿ ನೇರ ಓಡುವ ರೈಲಿನಲ್ಲಿ ಸುರಿದ ಚಹಾ ಮನೆಯಲ್ಲಿ ಸುರಿದಂತೆಯೇ ನೇರವಾಗಿ ಲೋಟಕ್ಕೆ ಬೀಳುತ್ತದೆ. ಜಾಗ ಮತ್ತು ಕಾಲಕ್ಕೆ ಸಂಬಂಧಿಸಿದ ಇವನ್ನು ದೇಶಕಾಲದ ಸಮಮಿತಿಗಳು ಎನ್ನುತ್ತಾರೆ. ಇವುಗಳ ಗುಟ್ಟನ್ನು 1918ರಲ್ಲಿ ಬಿಡಿಸಿದವರು ಒಬ್ಬ ಹೆಣ್ಣುಮಗಳು, ಜರ್ಮನಿಯ ಎಮ್ಮಿ ನೋಥರ್. ಹೆಣ್ಣೆಂಬ ಕಾರಣಕ್ಕೆ ವಿಶ್ವವಿದ್ಯಾಲಯ ಅವರಿಗೆ ಹುದ್ದೆ ಕೊಡಲಿಲ್ಲ. ವರ್ಷಗಟ್ಟಲೆ ಸಂಬಳವಿಲ್ಲದೆ, ಇನ್ನೊಬ್ಬ ಪ್ರಾಧ್ಯಾಪಕರ ಹೆಸರಿನಲ್ಲಿ ಅವರು ಪಾಠ ಮಾಡಿದರು. ನಿಯಮ ಇಂದಿಗೂ ನಾಳೆಗೂ ಒಂದೇ ಆಗಿರುವುದರಿಂದಲೇ ಶಕ್ತಿ ನಾಶವಾಗುವುದಿಲ್ಲ ಎಂದು ಅವರು ಸಾಧಿಸಿ ತೋರಿಸಿದರು. ಪ್ರತಿಯೊಂದು ಸಮಮಿತಿಯ ಹಿಂದೆಯೂ ಹೀಗೆ ನಷ್ಟವಾಗದ ಏನೋ ಒಂದು ಇರುತ್ತದೆ.

ಇನ್ನೊಂದು ಬಗೆಯ ಸಮಮಿತಿ ಇದೆ. ಅದು ಕಣಗಳ ಒಳಗುಣಕ್ಕೆ ಸೇರಿದ್ದು. ರೈಲಿನ ಮೀಟರ್ ಗೇಜ್, ಬ್ರಾಡ್ ಗೇಜ್ ಎಂಬ ಮಾತು ಕೇಳಿದ್ದೀರಿ. ಗೇಜ್ ಎಂದರೆ ಅಳತೆ. 1957ರಲ್ಲಿ ನಮ್ಮ 16 ಆಣೆಯ ರೂಪಾಯಿ 100 ನಯಾ ಪೈಸೆಯಾಯಿತು. ಅಳತೆ ಬದಲಾಯಿತು, ಅಕ್ಕಿಯ ನಿಜವಾದ ಬೆಲೆ ಬದಲಾಗಲಿಲ್ಲ. ಪ್ರತಿ ದೇಶವೂ ತನ್ನ ಹಣದ ಅಳತೆಯನ್ನು ತನಗೆ ಬೇಕಾದಂತೆ ಇಟ್ಟುಕೊಳ್ಳಬಹುದು. ಆದರೆ ಪಕ್ಕದ ದೇಶದೊಡನೆ ವ್ಯವಹರಿಸಲು ವಿನಿಮಯ ದರವೊಂದು ಬೇಕು. ಜಿದ್ದಾದಿಂದ ಮನೆಗೆ ಹಣ ಕಳುಹಿಸುವವರ ಕುಟುಂಬಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಈಗ ಊಹಿಸಿ: ಒಬ್ಬರು ರಿಯಾಲನ್ನು ದಿರ್ಹಮ್ ಮಾಡಿ, ದಿರ್ಹಮನ್ನು ರೂಪಾಯಿ ಮಾಡಿ, ರೂಪಾಯಿಯನ್ನು ಮತ್ತೆ ರಿಯಾಲ್ ಮಾಡಿದಾಗ ಕೈಯಲ್ಲಿ ಮೊದಲಿಗಿಂತ ಹೆಚ್ಚು ಹಣವಿದೆ. ಆಗ ಎಲ್ಲರೂ ಅದೇ ದಾರಿ ಹಿಡಿಯುತ್ತಾರೆ, ಹಣ ಆ ಕಡೆಗೆ ಹರಿಯುತ್ತದೆ. ಹರಿಯುವಂತೆ ಮಾಡುವ ಆ ಎಳೆತವೇ ಬಲ. ವಿದ್ಯುತ್ತು, ಕಾಂತ, ಬೆಳಕು ಎಲ್ಲದರ ಹಿಂದೆ ಇಂತಹ ಲೆಕ್ಕವಿದೆ. ಜಗತ್ತಿನ ಪ್ರತಿ ಬಿಂದುವಿಗೂ ತನ್ನ ಅಳತೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ, ಬಿಂದುಗಳ ನಡುವೆ ವಿನಿಮಯದ ಸುದ್ದಿ ಒಯ್ಯುವ ದೂತರು. ಇದು ಗೇಜ್ ಸಮಮಿತಿ.

ಅಂದರೆ ಹೊರಗಿನದು ಒಂದು, ಒಳಗಿನದು ಇನ್ನೊಂದು. 1961ರಲ್ಲಿ ಟಾಮ್ ಕಿಬಲ್ ಎಂಬವರು ದೇಶಕಾಲದ ಸಮಮಿತಿಗೂ ಇದೇ ಗೇಜ್ ಉಪಾಯವನ್ನು ಅನ್ವಯಿಸಿದಾಗ ಗುರುತ್ವಾಕರ್ಷಣೆ ದೊರೆಯುತ್ತದೆಂದು ತೋರಿಸಿದರು. ಅವರು ಹುಟ್ಟಿದ್ದು ನಮ್ಮ ಮದರಾಸಿನಲ್ಲಿ, ಕೆಲಸ ಮಾಡಿದ್ದು ಲಂಡನ್ನಿನಲ್ಲಿ ಅಬ್ದುಸ್ಸಲಾಮರ ವಿಭಾಗದಲ್ಲಿ. ಎರಡೂ ಒಂದೇ ಕೈಬರಹದಂತೆ ಕಾಣುತ್ತವೆ ಎಂದಾದರೆ, ಬರೆದ ಕೈಯೂ ಒಂದೇ ತಾನೇ? ಅವನ್ನು ಒಂದೇ ದೊಡ್ಡ ಸಮಮಿತಿಯಾಗಿ ಹೆಣೆಯಲು ಬರುವುದಿಲ್ಲವೇ? ಇದು ಒಬೆರ್ದಾನ್ ಚೌಕದವರನ್ನು ಕಾಡಿದ ಪ್ರಶ್ನೆ.

ಹೆಣೆದದ್ದು ಬಿಚ್ಚಿಹೋಯಿತು

1964ರಲ್ಲಿ ಈ ದಿಕ್ಕಿನಲ್ಲಿ ಮೊದಲ ಹೆಜ್ಜೆ ಇಟ್ಟವರಲ್ಲಿ ಒಬ್ಬರು ತುರ್ಕಿಯ ಫೆಝಾ ಗುರ್ಸೆ. ಇವರ ತಾಯಿ ರೆಮ್ಝಿಯೆ ಹಿಸಾರ್ ರಸಾಯನ ವಿಜ್ಞಾನಿ. ಎಳೆಯ ಮಕ್ಕಳನ್ನು ಸಾಕುತ್ತಲೇ ಪ್ಯಾರಿಸ್ಸಿನ ಸೊರ್ಬೋನ್‌ನಲ್ಲಿ ಕಲಿತು ಡಾಕ್ಟರೇಟ್ ಪಡೆದ ಛಲಗಾರ್ತಿ. ಮಗ ಗುರ್ಸೆ, ಇಟಲಿಯ ರಾಡಿಕಾಟಿಯವರೊಡನೆ ಸೇರಿ, ಕಣಗಳ ತಿರುಗುವ ಗುಣವನ್ನು ಅವುಗಳ ಒಳಗುಣದ ಸಮಮಿತಿಯೊಂದಿಗೆ ಒಂದೇ ಚೌಕಟ್ಟಿಗೆ ತಂದರು. ಕೆಲವು ಲೆಕ್ಕಗಳು ಅಚ್ಚರಿಯೆನಿಸುವಷ್ಟು ಸರಿಯಾಗಿ ಬಂದವು. ಆದರೆ ಆ ಚೌಕಟ್ಟು ನಿಧಾನವಾಗಿ ಚಲಿಸುವ ಕಣಗಳಿಗೆ ಮಾತ್ರ ಒಪ್ಪುತ್ತಿತ್ತು. ಐನ್‌ಸ್ಟೈನರ ಸಾಪೇಕ್ಷತೆಗೆ ಒಪ್ಪುವಂತೆ ಅದನ್ನು ವಿಸ್ತರಿಸಲು 1965ರಲ್ಲಿ ಅಬ್ದುಸ್ಸಲಾಮ್, ಡೆಲ್ಬೋರ್ಗೊ, ಸ್ಟ್ರಾತ್‌ಡೀ ಮೂವರೂ ಟ್ರಿಯೆಸ್ಟೆಯಲ್ಲಿ ಪ್ರಯತ್ನಿಸಿದರು.

ಪ್ರಯತ್ನ ನಿಲ್ಲಲಿಲ್ಲ. ಲೆಕ್ಕದಲ್ಲಿ ಒಂದರ ಹಿಂದೆ ಒಂದರಂತೆ ತೊಡಕುಗಳು ಕಂಡವು. 1967ರಲ್ಲಿ ಅಮೆರಿಕದ ಸಿಡ್ನಿ ಕೋಲ್‌ಮನ್ ಮತ್ತು ಜೆಫ್ರಿ ಮಾಂಡುಲಾ ಆ ದಾರಿಗೆ ಬೇಲಿಯನ್ನೇ ಹಾಕಿದರು. ಒಳಗಿನ ಸಮಮಿತಿಯೂ ದೇಶಕಾಲದ ಸಮಮಿತಿಯೂ ಅಕ್ಕಪಕ್ಕ ಇರಬಹುದು, ಒಂದರೊಳಗೊಂದು ಬೆರೆಯಲಾರವು ಎಂದು ಅವರು ಸಾಧಿಸಿದರು.

ಯಾಕೆ ಬೆರೆಯಲಾರವು? ಕೇರಂ ಆಟವನ್ನು ನೆನೆಯಿರಿ. ಸ್ಟ್ರೈಕರ್ ಹೋಗಿ ಕಾಯಿಗೆ ತಗುಲಿದಾಗ ಎರಡೂ ಯಾವ ಯಾವ ದಿಕ್ಕಿಗೆ ಹೋಗಬೇಕೆಂಬುದಕ್ಕೆ ಕೆಲವು ನಿಯಮಗಳಿವೆ. ಆದರೂ ತಗುಲುವ ಜಾಗಕ್ಕೆ ತಕ್ಕಂತೆ ಸಾವಿರ ಕೋನಗಳು ಸಾಧ್ಯ. ಆಟದ ಸ್ವಾರಸ್ಯ ಇರುವುದೇ ಅಲ್ಲಿ. ಒಳಗಿನ ಮತ್ತು ಹೊರಗಿನ ಸಮಮಿತಿಗಳನ್ನು ಬೆರೆಸಿದರೆ ನಿಯಮಗಳು ಹೆಚ್ಚಾಗಿ ಕಣಗಳು ಬೆರಳೆಣಿಕೆಯ ಕೋನಗಳಲ್ಲಿ ಮಾತ್ರ ಚದುರಬೇಕಾಗುತ್ತದೆ. ನಮ್ಮ ಜಗತ್ತು ಹಾಗಿಲ್ಲ. ಪ್ರಯೋಗಾಲಯಗಳಲ್ಲಿ ಕಣಗಳು ಎಲ್ಲ ಕೋನಗಳಲ್ಲೂ ಚದುರುತ್ತವೆ. ಹೀಗೆ, ಅತಿಯಾದ ಏಕತೆಯನ್ನು ಹೇರಿದರೆ ಜಗತ್ತೇ ಮರಗಟ್ಟುತ್ತದೆಂದು ಲೆಕ್ಕವೇ ಹೇಳಿತು. ಆಶೆ ಎಷ್ಟು ಸುಂದರವಾಗಿದ್ದರೂ ಸತ್ಯದ ಮುಂದೆ ತಲೆಬಾಗಲೇಬೇಕು.

ಮಿರಾಮಾರೆಯ ಹಾದಿ

ಇನ್ನು ನಗರದ ಬಸ್ಸು ಹಿಡಿದು ವಾಯವ್ಯಕ್ಕೆ ಹೊರಡಿ. ಬಾರ್ಕೊಲಾದ ಕಡಲದಂಡೆಯುದ್ದಕ್ಕೂ ಜನ ಬಿಸಿಲು ಕಾಯುತ್ತ ಕುಳಿತಿರುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ನೀರಿಗೆ ಚಾಚಿದ ಬಂಡೆಯ ಮೇಲೆ ಬಿಳಿಯ ಅರಮನೆಯೊಂದು ಕಾಣುತ್ತದೆ. ಅದು ಮಿರಾಮಾರೆ. ಹ್ಯಾಬ್ಸ್‌ಬರ್ಗ್ ರಾಜಕುಮಾರ ಮ್ಯಾಕ್ಸಿಮಿಲಿಯನ್ ತನಗೂ ತನ್ನ ಮಡದಿ ಶಾರ್ಲೊಟ್‌ಗೂ ಎಂದು 1856ರಿಂದ ಕಟ್ಟಿಸಿದ್ದು. 1864ರಲ್ಲಿ ಮೆಕ್ಸಿಕೋದ ಚಕ್ರವರ್ತಿಯಾಗಲು ಇಲ್ಲಿಂದಲೇ ಹಡಗು ಹತ್ತಿದ ಆತನನ್ನು 1867ರಲ್ಲಿ ಅಲ್ಲಿನವರು ಗುಂಡಿಟ್ಟು ಕೊಂದರು. ಅಧಿಕಾರದ ಆಶೆ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಇದಕ್ಕಿಂತ ಪಾಠ ಬೇಕೇ? ಅರಮನೆ ಈಗ ವಸ್ತುಸಂಗ್ರಹಾಲಯ.

ಅದೇ ಅರಮನೆಯ ಉದ್ಯಾನದ ಅಂಚಿನಲ್ಲಿ 1968ರಲ್ಲಿ ಕೇಂದ್ರಕ್ಕೆ ಸ್ವಂತ ಕಟ್ಟಡ ಸಿಕ್ಕಿತು. ಆಡಂಬರವಿಲ್ಲದ ಕಟ್ಟಡ. ಒಳಗೆ ಕರಿಹಲಗೆಗಳು, ಉಪನ್ಯಾಸದ ಸಭಾಂಗಣ, ಮೇರಿ ಕ್ಯೂರಿಯ ಹೆಸರಿನ ಗ್ರಂಥಾಲಯ. ಕೆಳಗೆ ಗ್ರಿನ್ಯಾನೊದ ಸಣ್ಣ ಬಂದರಿನ ಬಳಿ ಅತಿಥಿಗೃಹ. ನೈಜೀರಿಯಾದವರು, ಇರಾನಿನವರು, ಬಾಂಗ್ಲಾದೇಶದವರು, ಅರ್ಜೆಂಟೀನಾದವರು ಒಂದೇ ಮೇಜಿನಲ್ಲಿ ಊಟ ಮಾಡುವುದು ಇಲ್ಲಿ ನಿತ್ಯದ ದೃಶ್ಯ.

ಸೋತ ಪ್ರಶ್ನೆಗೆ ಅಬ್ದುಸ್ಸಲಾಮ್ ಮತ್ತು ಸ್ಟ್ರಾತ್‌ಡೀ ಮತ್ತೆ ಮರಳಿದರು. ಕೋಲ್‌ಮನ್ ಮತ್ತು ಮಾಂಡುಲಾ ಹಾಕಿದ್ದ ಬೇಲಿಯಲ್ಲಿ ಒಂದು ಬಾಗಿಲು ಇದೆಯೆಂದು ಅಷ್ಟರಲ್ಲಿ ಗೊತ್ತಾಗಿತ್ತು. ಮಾಸ್ಕೋದ ಗೋಲ್‌ಫಾಂಡ್ ಮತ್ತು ಲಿಖ್ತ್‌ಮನ್ 1971ರಲ್ಲಿಯೂ, ಯುರೋಪಿನಲ್ಲಿ ವೆಸ್ ಮತ್ತು ಝುಮಿನೊ 1974ರಲ್ಲಿಯೂ ಅದನ್ನು ಕಂಡಿದ್ದರು. ಸೃಷ್ಟಿಯ ಕಣಗಳಲ್ಲಿ ಎರಡು ಜಾತಿ. ಒಂದು ಜಾತಿಯವು ಕಾಯ್ದಿರಿಸಿದ ಬಸ್ಸಿನ ಪ್ರಯಾಣಿಕರಂತೆ, ಒಂದು ಸೀಟಿಗೆ ಒಬ್ಬರೇ. ನಮ್ಮ ದೇಹ, ಗೋಡೆ, ಮೇಜು ಗಟ್ಟಿಯಾಗಿರುವುದು ಇವುಗಳಿಂದ. ಇನ್ನೊಂದು ಜಾತಿಯವು ಬೆಳಕಿನಂತೆ, ಒಂದೇ ಜಾಗದಲ್ಲಿ ಎಷ್ಟು ಬೇಕಾದರೂ ಸೇರುತ್ತವೆ. ಬಲಗಳನ್ನು ಹೊತ್ತೊಯ್ಯುವ ದೂತರು ಈ ಜಾತಿಯವರು. ಒಂದು ಜಾತಿಯನ್ನು ಇನ್ನೊಂದಕ್ಕೆ ಬದಲಾಯಿಸುವ ಸಮಮಿತಿಯೊಂದು ಇದ್ದರೆ, ಅದು ದೇಶಕಾಲದೊಂದಿಗೆ ಬೆರೆಯಬಹುದು, ಜಗತ್ತು ಮರಗಟ್ಟುವುದಿಲ್ಲ. ಇದಕ್ಕೆ ಸೂಪರ್ ಸಮಮಿತಿ ಎಂದು ಹೆಸರು. ಇದರ ಸೊಗಸು ನೋಡಿ: ಆ ಬದಲಾವಣೆಯನ್ನು ಒಂದರ ಮೇಲೊಂದರಂತೆ ಎರಡು ಬಾರಿ ಮಾಡಿದರೆ ಕಣ ಮೊದಲಿನ ಜಾತಿಗೆ ಮರಳುತ್ತದೆ, ಆದರೆ ದೇಶಕಾಲದಲ್ಲಿ ಒಂದು ಹೆಜ್ಜೆ ಸರಿದಿರುತ್ತದೆ. ಒಳಗಿನ ತಿರುವು ಹೊರಗಿನ ನಡಿಗೆಯಾಗುತ್ತದೆ.

1974ರಲ್ಲಿ ಅಬ್ದುಸ್ಸಲಾಮ್ ಮತ್ತು ಸ್ಟ್ರಾತ್‌ಡೀ ಈ ಸಮಮಿತಿಗೆ ವಾಸಿಸಲು ಒಂದು ಮನೆ ಕಲ್ಪಿಸಿದರು. ಉದ್ದ, ಅಗಲ, ಎತ್ತರ, ಕಾಲ ಎಂಬ ನಾಲ್ಕು ಅಳತೆಗಳ ಜೊತೆಗೆ ಇನ್ನೂ ನಾಲ್ಕು ಅಳತೆಗಳನ್ನು ಸೇರಿಸಿದರು. ಈ ಹೊಸ ಅಳತೆಗಳು ವಿಚಿತ್ರ. ಎರಡನ್ನು ಗುಣಿಸುವ ಕ್ರಮ ಹಿಂದುಮುಂದಾದರೆ ಕೂಡುವ ಚಿಹ್ನೆ ಕಳೆಯುವ ಚಿಹ್ನೆಯಾಗುತ್ತದೆ. ತನ್ನಿಂದಲೇ ಗುಣಿಸಿದರೆ ಸೊನ್ನೆ. ಸೂಪರ್‌ಸ್ಪೇಸ್ ಎಂಬ ಹೆಸರಿನ ಈ ಕಲ್ಪನೆಯನ್ನು ಇಂದಿಗೂ ಜಗತ್ತಿನ ವಿದ್ಯಾರ್ಥಿಗಳು ಕಲಿಯುತ್ತಾರೆ. 1976ರಲ್ಲಿ ಇತರರು ಇದೇ ಸಮಮಿತಿಯನ್ನು ಪ್ರತಿ ಬಿಂದುವಿಗೂ ಅನ್ವಯಿಸಿದಾಗ ಗುರುತ್ವಾಕರ್ಷಣೆ ತಾನಾಗಿ ಒಳಗೆ ಬಂತು.

ಕೋಲಾರದ ಗಣಿಯಲ್ಲಿ ಪರೀಕ್ಷೆ

1979ರಲ್ಲಿ ಅಬ್ದುಸ್ಸಲಾಮರಿಗೆ ಶೆಲ್ಡನ್ ಗ್ಲಾಶೋ ಮತ್ತು ಸ್ಟೀವನ್ ವೈನ್‌ಬರ್ಗ್ ಜೊತೆ ನೊಬೆಲ್ ಪ್ರಶಸ್ತಿ ಬಂತು. ಅದು ಮೇಲಿನ ಕೆಲಸಕ್ಕಲ್ಲ, ಅದಕ್ಕಿಂತ ಮೊದಲಿನ ಒಂದು ಏಕೀಕರಣಕ್ಕೆ. ವಿದ್ಯುತ್ಕಾಂತ ಬಲವೂ, ಸೂರ್ಯ ಉರಿಯಲು ಬೇಕಾದ ದುರ್ಬಲ ಬಲವೂ ಒಂದೇ ಗೇಜ್ ಸಮಮಿತಿಯ ಎರಡು ಮುಖಗಳೆಂದು ಅವರು ಹೇಳಿದ್ದರು. 1983ರಲ್ಲಿ ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಆ ಬಲದ ದೂತ ಕಣಗಳು ಸಿಕ್ಕಿ ಮಾತು ಖಚಿತವಾಯಿತು. ವೈನ್‌ಬರ್ಗ್ ದೇವರನ್ನು ನಂಬದವರು, ಅಬ್ದುಸ್ಸಲಾಮ್ ನಂಬಿದವರು. ಬೇರೆ ಬೇರೆ ಖಂಡಗಳಲ್ಲಿ ಕುಳಿತು ಇಬ್ಬರೂ ಒಂದೇ ಸಮೀಕರಣಕ್ಕೆ ಬಂದರು. ಸ್ಟಾಕ್‌ಹೋಮಿನಲ್ಲಿ ಪೇಟ, ಶೇರ್ವಾನಿ ಧರಿಸಿ ನಿಂತ ಅಬ್ದುಸ್ಸಲಾಮ್, ಸೃಷ್ಟಿಯಲ್ಲಿ ಲೋಪವಿದೆಯೇ ಎಂದು ಮತ್ತೆ ಮತ್ತೆ ನೋಡಲು ಮಾನವನನ್ನು ಕರೆಯುವ ಸೂರಃ ಅಲ್ ಮುಲ್ಕ್‌ನ ವಚನಗಳನ್ನು ನೆನಪಿಸಿಕೊಂಡರು. ಕುರ್‌ಆನಿನಲ್ಲಿ ಸಮೀಕರಣವಿದೆ ಎಂದು ಅವರು ವಾದಿಸಲಿಲ್ಲ. ನೋಡು ಎಂಬ ಆ ಕರೆಯನ್ನು ಮಾತ್ರ ಅವರು ಗಂಭೀರವಾಗಿ ತೆಗೆದುಕೊಂಡರು.

ಇನ್ನೂ ದೊಡ್ಡ ಏಕೀಕರಣದ ಹಾದಿಯಲ್ಲಿ ಒಡಿಶಾದ ಜೋಗೇಶ್ ಪತಿಯವರ ಜೊತೆ ಅವರು ಮಾಡಿದ ಕೆಲಸದಿಂದ ಒಂದು ಸೂಚನೆ ಹೊರಬಂತು: ವಸ್ತುವಿನ ಮೂಲವಾದ ಪ್ರೋಟಾನ್ ಶಾಶ್ವತವಲ್ಲ, ಎಂದಾದರೊಂದು ದಿನ ಅದೂ ಒಡೆಯುತ್ತದೆ. ಇದನ್ನು ಪರೀಕ್ಷಿಸಲು ಜಗತ್ತಿನಲ್ಲಿ ಮೊದಲು ಮುಂದಾದ ಜಾಗಗಳಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯೂ ಒಂದು. 1980ರ ದಶಕದಲ್ಲಿ ನೆಲದಿಂದ 2 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಭಾರತ ಮತ್ತು ಜಪಾನಿನ ವಿಜ್ಞಾನಿಗಳು ಕಬ್ಬಿಣದ ಹಲಗೆಗಳ ನಡುವೆ ಉಪಕರಣಗಳನ್ನಿಟ್ಟು ಕಾದರು. ಕೆಲವು ಸುಳಿವು ಸಿಕ್ಕಿತೆಂದರು. ಜಪಾನಿನ ಮತ್ತು ಅಮೆರಿಕದ ದೊಡ್ಡ ಉಪಕರಣಗಳು ಅದನ್ನು ಸಮರ್ಥಿಸಲಿಲ್ಲ. ಪ್ರೋಟಾನ್ ಒಡೆದದ್ದನ್ನು ಇಂದಿನವರೆಗೆ ಯಾರೂ ಖಚಿತವಾಗಿ ಕಂಡಿಲ್ಲ. ಸೂಪರ್ ಸಮಮಿತಿಯ ಕಥೆಯೂ ಹಾಗೆಯೇ. ಸರ್ನ್‌ನ ಬೃಹತ್ ಯಂತ್ರದಲ್ಲಿ 2012ರಲ್ಲಿ ಹಿಗ್ಸ್ ಕಣ ಸಿಕ್ಕಿತು. ಸೂಪರ್ ಸಮಮಿತಿ ಹೇಳುವ ಜೋಡಿ ಕಣಗಳಲ್ಲಿ ಒಂದೂ ಈವರೆಗೆ ಸಿಕ್ಕಿಲ್ಲ. ಅಂದರೆ ಒಳಗೂ ಹೊರಗೂ ಒಂದೇ ಎಂಬ ಕನಸು ಕಾಗದದಲ್ಲಿ ಸಾಧ್ಯ. ಸೃಷ್ಟಿಕರ್ತನು ಅದನ್ನೇ ಬಳಸಿದ್ದಾನೆಯೇ ಎಂಬುದು ಅವನಿಗೇ ಗೊತ್ತು. ತೌಹೀದ್‌ನಲ್ಲಿ ವಿಶ್ವಾಸವಿರಿಸುವ ನಮಗೂ ಈ ವಿಷಯದಲ್ಲಿ ಅವಸರ ಬೇಡ. ಅಲ್ಲಾಹನ ಏಕತೆ ಯಾವ ಯಂತ್ರದ ಫಲಿತಾಂಶವನ್ನೂ ಕಾಯುತ್ತಿಲ್ಲ.

ಹೆಸರು ಮತ್ತು ಗೋರಿಕಲ್ಲು

ಒಂದು ಕಹಿ ವಿಷಯವನ್ನು ಹೇಳದೆ ಈ ಮನೆಯಿಂದ ಹೊರಡುವುದು ಸರಿಯಲ್ಲ. ಅಬ್ದುಸ್ಸಲಾಮರು ಅಹ್ಮದಿಯಾ ಪಂಥದವರು. ಪ್ರವಾದಿತ್ವದ ಸಮಾಪ್ತಿಯ ವಿಷಯದಲ್ಲಿ ಆ ಪಂಥದೊಂದಿಗೆ ಮುಸ್ಲಿಮ್ ಸಮುದಾಯಕ್ಕಿರುವ ಮೂಲಭೂತ ಭಿನ್ನಾಭಿಪ್ರಾಯ ನಿಮಗೆ ತಿಳಿದದ್ದೇ. 1974ರಲ್ಲಿ ಪಾಕಿಸ್ತಾನ ಸಂವಿಧಾನ ತಿದ್ದುಪಡಿ ಮಾಡಿ ಅವರನ್ನು ಮುಸ್ಲಿಮೇತರರೆಂದು ಘೋಷಿಸಿದಾಗ ಅಬ್ದುಸ್ಸಲಾಮರು ಸರಕಾರದ ವಿಜ್ಞಾನ ಸಲಹೆಗಾರ ಹುದ್ದೆಯನ್ನು ಬಿಟ್ಟರು. ಅವರು ಸೂಪರ್‌ಸ್ಪೇಸ್ ಬರೆದ ವರ್ಷವೂ ಅದೇ. 1996ರ ನವೆಂಬರಿನಲ್ಲಿ ಆಕ್ಸ್‌ಫರ್ಡಿನಲ್ಲಿ ತೀರಿಕೊಂಡ ಅವರನ್ನು ಪಾಕಿಸ್ತಾನದ ರಬ್ವಾದಲ್ಲಿ ಮಣ್ಣು ಮಾಡಲಾಯಿತು. ಮೊದಲ ಮುಸ್ಲಿಮ್ ನೊಬೆಲ್ ವಿಜ್ಞಾನಿ ಎಂದು ಗೋರಿಕಲ್ಲಿನಲ್ಲಿ ಬರೆದಿದ್ದ ಸಾಲಿನಿಂದ ಒಂದು ಪದವನ್ನು ಆಮೇಲೆ ಅಳಿಸಲಾಯಿತು. 1997ರಲ್ಲಿ ಟ್ರಿಯೆಸ್ಟೆಯ ಕೇಂದ್ರ ತನ್ನ ಹೆಸರಿಗೆ ಅವರ ಹೆಸರನ್ನು ಸೇರಿಸಿಕೊಂಡಿತು.

ವಿಶ್ವಾಸದ ಭಿನ್ನತೆಯನ್ನು ಮುಚ್ಚಿಡಬೇಕಾಗಿಲ್ಲ, ಅದಕ್ಕಾಗಿ ಒಬ್ಬರ ಉಪಕಾರವನ್ನು ಮರೆಯಬೇಕಾಗಿಯೂ ಇಲ್ಲ. ಖಲೀಫಾ ಮಾಮೂನರ ಬಗ್ದಾದಿನಲ್ಲಿ ಗ್ರೀಕ್ ವೈದ್ಯಗ್ರಂಥಗಳನ್ನು ಅರಬಿಗೆ ತಂದ ಹುನೈನ್ ಬಿನ್ ಇಸ್‌ಹಾಕ್ ಕ್ರೈಸ್ತರು. ಸ್ವಲ್ಪ ನಂತರದ ಗಣಿತಜ್ಞ ಸಾಬಿತ್ ಬಿನ್ ಕುರ್ರಾ ಸಾಬಿ ಪಂಥದವರು. ಅವರಿಂದ ಕಲಿತ ಮುಸ್ಲಿಮರ ಈಮಾನ್ ಕರಗಲಿಲ್ಲ, ಜ್ಞಾನ ಮಾತ್ರ ಬೆಳೆಯಿತು. ಅಕ್ಕಪಕ್ಕ ಇರುವುದಕ್ಕೆ ಬೆರೆತುಹೋಗಲೇಬೇಕೆಂದಿಲ್ಲ.

ನಿಮ್ಮ ಹೆಣ್ಣುಮಕ್ಕಳಿಗಾಗಿ

ಲಾಹೋರಿನ ಕಿನ್ನರ್ಡ್ ಮಹಿಳಾ ಕಾಲೇಜಿನಲ್ಲಿ ಓದಿದ ತಸ್ನೀಮ್ ಝೆಹ್ರಾ ಹುಸೈನ್ ಈ ಕೇಂದ್ರಕ್ಕೆ ಬಂದು ಒಂದು ವರ್ಷ ಕಲಿತರು. ಇಲ್ಲಿಂದ ಸ್ಟಾಕ್‌ಹೋಮಿಗೆ ಹೋಗಿ ಡಾಕ್ಟರೇಟ್ ಪಡೆದು, ಪಾಕಿಸ್ತಾನದ ಮೊದಲ ಮಹಿಳಾ ಸ್ಟ್ರಿಂಗ್ ಸಿದ್ಧಾಂತಿಯೆನಿಸಿದರು. ಸೂಪರ್ ಸಮಮಿತಿ ಅವರ ನಿತ್ಯದ ಸಾಧನ. ಅಭಿವೃದ್ಧಿಶೀಲ ಜಗತ್ತಿನ ಮಹಿಳಾ ವಿಜ್ಞಾನಿಗಳ ಅಂತಾರಾಷ್ಟ್ರೀಯ ಸಂಘಟನೆಯ ಕಚೇರಿಯೂ ಇದೇ ಊರಿನಲ್ಲಿದೆ. ವಿಜ್ಞಾನದಲ್ಲಿ ಹಿಂದುಳಿದ ದೇಶಗಳ ಯುವತಿಯರು ಡಾಕ್ಟರೇಟ್ ಮಾಡಲು ಅದು ನೆರವು ನೀಡುತ್ತದೆ. ನಮ್ಮ ಹೈದರಾಬಾದಿನ ವಿಜ್ಞಾನಿ ಕೈಸರ್ ಜಮೀಲ್ ಆ ಸಂಘಟನೆಯ ಅಧ್ಯಕ್ಷೆಯಾಗಿದ್ದರು.

ಕನ್ನಡನಾಡಿನ ನಂಟೂ ಇದೆ. 2003ರಿಂದ 2009ರವರೆಗೆ ಈ ಕೇಂದ್ರದ ನಿರ್ದೇಶಕರಾಗಿದ್ದ ಕೆ. ಆರ್. ಶ್ರೀನಿವಾಸನ್ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಓದಿ, ಅಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟ್ ಪಡೆದವರು. 2019ರಲ್ಲಿ ನಿರ್ದೇಶಕರಾದ ಅತೀಶ್ ದಾಭೋಲ್ಕರ್ ಕೂಡ ಭಾರತೀಯರೇ.

ಅಭಿವೃದ್ಧಿಶೀಲ ದೇಶಗಳ ಪದವೀಧರರಿಗಾಗಿ ಈ ಕೇಂದ್ರದಲ್ಲಿ ಒಂದು ವರ್ಷದ ಡಿಪ್ಲೊಮಾ ಇದೆ. ಆಯ್ಕೆಯಾದವರ ಖರ್ಚನ್ನು ಕೇಂದ್ರವೇ ಭರಿಸುತ್ತದೆ. ಊರು ಯಾವುದು, ಮನೆಯಲ್ಲಿ ಎಷ್ಟು ಹಣವಿದೆ ಎಂದು ಅಲ್ಲಿ ಕೇಳುವುದಿಲ್ಲ. ಲೆಕ್ಕ ಬರುತ್ತದೆಯೇ ಎಂದು ಕೇಳುತ್ತಾರೆ. ನಮ್ಮ ಮನೆಗಳಲ್ಲಿ ಗಣಿತದಲ್ಲಿ ಚುರುಕಾದ ಹುಡುಗಿಗೆ ಪಿಯುಸಿ ಆದೊಡನೆ ಪುಸ್ತಕ ಮುಚ್ಚಿಸುವವರು ಇನ್ನೂ ಇದ್ದಾರೆ. ಆಕೆಯ ಮೆಹೆಂದಿಯ ಹೂವನ್ನು ಮೆಚ್ಚುವಷ್ಟೇ ಸಂತೋಷದಿಂದ ಆಕೆಯ ಗಣಿತದ ಪುಟವನ್ನೂ ಒಮ್ಮೆ ಬಿಡಿಸಿ ನೋಡಿ. ಅರವತ್ತು ವರ್ಷಗಳಿಂದ ಬಿಡಿಸದೆ ಉಳಿದಿರುವ ಲೆಕ್ಕವೊಂದು ಟ್ರಿಯೆಸ್ಟೆಯ ಕರಿಹಲಗೆಯ ಮೇಲಿದೆ. ಅದನ್ನು ಬಿಡಿಸುವವರು ಯಾವ ಊರಿನಿಂದ ಬರುತ್ತಾರೆಂದು ಅಲ್ಲಾಹನೇ ಬಲ್ಲ.